ಆರನೆಯ ಕಾರ್ಡು

ಟಮರಾಕ್ ರಸ್ತೆ
18 ನವೆಂಬರ್ 2018

ಅಕ್ಕಾ,

ಒಂದಾದ ಮೇಲೆ ಒಂದು ಏನಾಗುತ್ತದೆಂದು ನೀನು ಚಿತ್ರ ಬರೆದು ಕಳಿಸಿದ ಹಲ್ಲಿನ ಡಾಕ್ಟರ ಕಾರ್ಡುಗಳು ಮಂಗಳವಾರ ಬಂದವು. ಗುರುವಾರ ಸೆನ್ಯಾ ಆ ಕುರ್ಚಿಯ ಮೇಲೆ ಹತ್ತೊಂಬತ್ತು ನಿಮಿಷ ಕೂತಿದ್ದಳು! ಹೋದ ವರ್ಷ ಇದೇ ಡಾಕ್ಟರ ಬೆರಳು ಕಚ್ಚಿ ಓಡಿದ್ದವಳು. ಈ ಸಲ ನಾಲ್ಕನೆಯ ಕಾರ್ಡಿನಲ್ಲಿ ನೀನು ಬರೆದಿದ್ದ ಕೊಕ್ಕೆ ನಿಜವಾಗಿ ಬಾಯೊಳಗೆ ಹೋದಾಗ ಕಣ್ಣು ಮುಚ್ಚಿದಳು, ಅಷ್ಟೆ. ಡಾಕ್ಟರು ಕಾರ್ಡು ನೋಡಿ, "ನನ್ನ ಮೂಗು ಇಷ್ಟು ದೊಡ್ಡದಾ?" ಅಂತ ಕೇಳಿದರು. ಸೆನ್ಯಾ, "ಹೌದು," ಅಂದಳು.

ಮಗಳಿಗೆ ಎಂಟು ತುಂಬಿತು. ಅವಳ ಆಟಿಸಂ ಬಗ್ಗೆ ನಮಗೆ ಪಾಠ ಹೇಳಿದ ತಜ್ಞರೂ ಹೆಚ್ಚುಕಡಿಮೆ ಎಂಟೇ ಜನ. ಆದರೆ ಎಲ್ಲರಿಗಿಂತ ಚೆನ್ನಾಗಿ ಹೇಳಿದವಳು ಅವಳೇ. ಮೊನ್ನೆ ನಿನ್ನ ಕಾರ್ಡುಗಳನ್ನು ದಾರಕ್ಕೆ ಪೋಣಿಸುತ್ತಾ, "ಕಾರ್ಡಲ್ಲಿ ಇದ್ರೆ ಆಗುತ್ತೆ. ಇಲ್ದಿದ್ರೆ ಆಗಲ್ಲ," ಅಂದಳು. ಇಡೀ ಲೋಕವನ್ನು ನಂಬುವುದಕ್ಕೆ ಅವಳಿಗೆ ಇರುವುದು ಅದೊಂದೇ ದಾರ, ಅದನ್ನು ಹಿಡಿದಿರುವವಳು ನೀನು. ಹಾಗಂತ ಕೊಬ್ಬಬೇಡ.

ಚಳಿಗಾಲ ಬಂತೆಂದರೆ ಉಳಿದ ಮಕ್ಕಳಿಗೆ ಹಬ್ಬ, ನಮ್ಮಂಥವರಿಗೆ ಐದು ತಿಂಗಳ ಗೃಹಬಂಧನ. ಅದಕ್ಕೇ ಭಾನುವಾರದ ಸದ್ದಿಲ್ಲದ ಗಂಟೆ ಶುರುವಾಗುವುದನ್ನು ನಾನು ಅವಳಿಗಿಂತ ಹೆಚ್ಚು ಕಾಯುತ್ತೇನೆ. ಬೆಳಿಗ್ಗೆ ಏಳರಿಂದ ಎಂಟು, ಊರಿನ ಐಸ್ ಸ್ಕೇಟಿಂಗ್ ರಿಂಕಿನಲ್ಲಿ ಅರ್ಧ ದೀಪ, ಹಾಡಿಲ್ಲ, ಸೀಟಿಯಿಲ್ಲ, ಹಾಕಿ ಕೋಲಿಲ್ಲ. ವೈನೊ ತನ್ನ ಐಸ್ ಗಾಡಿ ಓಡಿಸಿ ನೆಲ ನುಣುಪು ಮಾಡಿದ ಮೇಲೆ ಸೆನ್ಯಾ ಒಬ್ಬಳೇ ಮೊದಲು ಇಳಿಯುತ್ತಾಳೆ. ಹತ್ತು ಮಕ್ಕಳು ಕಟಕಟೆ ಹಿಡಿದು ಕಾಯುತ್ತವೆ. ಹೊಸ ಐಸಿನ ಮೇಲೆ ಮೊದಲ ಗೀರು ಅವಳದು. ಯಾರು ಮಾಡಿದ ನಿಯಮವೋ, ಯಾರೂ ಮುರಿದಿಲ್ಲ. ಮೂರು ವರ್ಷದ ಹಿಂದೆ ಆ ಗಂಟೆಗಾಗಿ ನೀನು ಊರಿನ ಕೌನ್ಸಿಲ್ ಜೊತೆ ಕಾದಾಡಿದ್ದು ನಾನು ಮರೆತಿಲ್ಲ.

ಅವಳ ಅಪ್ಪ ಮಾರ್ಟಿ ಗಣಿಯಿಂದ ಬರುವುದು ಇನ್ನೂ ಒಂಬತ್ತು ದಿನ. ಅವಳ ಕಿವಿಗೆ ತಾಳದೆಂದು ಮನೆಯ ಫೋನಿನ ಗಂಟೆ ಕಿತ್ತುಹಾಕಿ ಐದು ವರ್ಷವಾದರೂ ನೀನು ಬೇಸರವಿಲ್ಲದೆ ಕಾಗದ ಬರೆಯುತ್ತೀಯಲ್ಲ, ಅದಕ್ಕೆ ಈ ಏಲಕ್ಕಿ ಬ್ರೆಡ್ಡು. ಹಿಟ್ಟನ್ನು ಜಡೆಯಾಗಿ ಹೆಣೆದವಳು ಸೆನ್ಯಾ.

ನಿನ್ನ
ಐಲಾ

ಪೈಕ್ ಬೇ
2 ಡಿಸೆಂಬರ್

ಐಲಾ,

ಬ್ರೆಡ್ಡು ಎರಡೇ ದಿನಕ್ಕೆ ಮುಗಿಯಿತು. ಜಡೆ ನಿನ್ನದಕ್ಕಿಂತ ಬಿಗಿಯಾಗಿತ್ತು ಅಂತ ಅವಳಿಗೆ ಹೇಳು.

ಈಗ ಕೆಟ್ಟ ಸುದ್ದಿ. ಹಾಕಿ ಕ್ಲಬ್ಬಿನವರಿಗೆ ನಮ್ಮ ಗಂಟೆಯ ಮೇಲೆ ಕಣ್ಣು ಬಿದ್ದಿದೆ. ಹತ್ತೊಂಬತ್ತಕ್ಕೆ ಕೌನ್ಸಿಲ್ ಸಭೆಯಲ್ಲಿ ಮತಕ್ಕೆ ಹಾಕುತ್ತಾರೆ. ಕ್ಲಬ್ಬಿನ ಅಧ್ಯಕ್ಷ ದಿನಸಿ ಅಂಗಡಿಯಲ್ಲಿ ನನ್ನನ್ನು ಅಡ್ಡಗಟ್ಟಿದ. "ಹನ್ನೊಂದು ಮಕ್ಕಳಿಗೆ ಒಂದು ಇಡೀ ಗಂಟೆನಾ, ರಿತ್ವಾ? ನನ್ನ ನಲವತ್ತು ಹುಡುಗ್ರು ಐಸ್ ಸಿಗ್ದೆ ಕಾರು ನಿಲ್ಸೋ ಜಾಗದಲ್ಲಿ ಆಡ್ತಿದಾರೆ."

"ಆಡ್ಲಿ ಬಿಡು, ಗಾಳಿ ಒಳ್ಳೇದು," ಅಂದೆ. ನಗಲಿಲ್ಲ.

ಕೌನ್ಸಿಲ್ಲಿನ ಹೆಂಗಸೊಬ್ಬಳು ನಿಜ ಹೇಳಿದಳು: "ನಿಮ್ಮ ಗಂಟೇನ ಈ ಊರಲ್ಲಿ ಯಾರೂ ನೋಡೇ ಇಲ್ಲ ಕಣೆ. ನೋಡ್ದೇ ಇರೋದಕ್ಕೆ ಯಾರು ಕೈ ಎತ್ತುತಾರೆ?" ಹೌದಲ್ಲ. ಏಳು ಗಂಟೆಗೆ ಊರೆಲ್ಲ ಮಲಗಿರುತ್ತದೆ. ನಾವು ಕಾಣದಂತೆ ಇರುವುದಕ್ಕೇ ಅಲ್ಲಿಗೆ ಹೋಗುವವರು.

ನಾನು ಬೇಕಾದಷ್ಟು ಮಾಡುತ್ತಿದ್ದೇನೆ. ಶನಿವಾರ ಗ್ರಂಥಾಲಯದ ಹಿಂದೆ ಮಕ್ಕಳು ಬಾಟಲಿಯಲ್ಲಿ ಬಣ್ಣದ ನೀರು ತುಂಬಿ ಹಿಮದ ಮೇಲೆ ಚಿತ್ರ ಬರೆದರು. ಜಾರುಬಂಡಿಯ ಗುಡ್ಡದಲ್ಲಿ ಒಬ್ಬರಾದ ಮೇಲೆ ಒಬ್ಬರು ಅಂತ ಹಗ್ಗ ಕಟ್ಟಿಸಿದ್ದೇನೆ. ಮಂದ ದೀಪದಲ್ಲಿ ಕೂರುವ ಸಾಂಟಾ ಈ ಸಲ ಜೋರಾಗಿ ನಗುವುದಿಲ್ಲ ಅಂತ ಬರೆಸಿಕೊಂಡಿದ್ದೇನೆ. ಆದರೆ ಇದು ಯಾವುದೂ ಕೌನ್ಸಿಲ್ಲನ್ನು ಅಲುಗಿಸುವುದಿಲ್ಲ. ಸೆನ್ಯಾ ಮೊದಲ ಗೀರು ಎಳೆಯುವ ಒಂದು ಚಿತ್ರ ವಾರಪತ್ರಿಕೆಯಲ್ಲಿ ಬಂದರೆ ಅಲುಗಿಸುತ್ತದೆ. ಒಂದೇ ಚಿತ್ರ. ಏನು ಹೇಳುತ್ತೀ?

ರಿತ್ವಾ

ಟಮರಾಕ್ ರಸ್ತೆ
6 ಡಿಸೆಂಬರ್

ಅಕ್ಕಾ,

ಬೇಡ.

ಒಂದೇ ಮಾತಿನಲ್ಲಿ ಮುಗಿಸಿದೆ ಅಂತ ಸಿಟ್ಟಾಗಬೇಡ. ಕ್ಯಾಮೆರಾದ ಬೆಳಕು ಅವಳಿಗೆ ಏನು ಮಾಡುತ್ತದೆಂದು ನಿನಗೆ ಗೊತ್ತು. ಹೋದ ವರ್ಷ ಶಾಲೆಯಲ್ಲಿ ಫೋಟೋ ತೆಗೆದ ದಿನ ಅವಳನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಂದವಳು ನೀನೇ. ಆ ರಿಂಕ್ ಅವಳಿಗೆ ಇರುವ ಒಂದೇ ಜಾಗ, ಅದನ್ನು ಪಣಕ್ಕಿಡಲಾರೆ. ಬೇರೆ ಮಗುವನ್ನು ಕೇಳು. ನೀಲೊನ ಅಮ್ಮ ಒಪ್ಪಬಹುದು, ಅವನಿಗೆ ಕ್ಯಾಮೆರಾ ಅಂದರೆ ಆಸೆ. ಇಲ್ಲವಾದರೆ ನನ್ನದೇ ಚಿತ್ರ ತೆಗೆಸು. ಮಂಡಿಯೂರಿ ಸ್ಕೇಟ್ಸ್ ದಾರ ಬಿಗಿಯುವಾಗ ನನ್ನ ಮುಖ ನೋಡಿದರೆ ಕೌನ್ಸಿಲ್ ಕಣ್ಣೀರು ಹಾಕುತ್ತದೆ.

ಸಭೆಗೆ ನಾನೂ ಬಂದು ಮಾತಾಡುತ್ತೇನೆ. ನಡುಗುತ್ತಲೇ ಆಡುತ್ತೇನೆ, ಆದರೂ ಆಡುತ್ತೇನೆ.

ನಿನ್ನ
ಐಲಾ

ಪೈಕ್ ಬೇ
10 ಡಿಸೆಂಬರ್

ಐಲಾ,

ಸರಿ, ಬೇಡ ಅಂದರೆ ಬೇಡ. ಬೇರೆ ದಾರಿ ನೋಡಿದ್ದೇನೆ.

ಹದಿನಾರರ ಭಾನುವಾರಕ್ಕೆ ಹೊಸ ಕಾರ್ಡುಗಳು ಇದರ ಜೊತೆ ಇವೆ, ಒಟ್ಟು ಒಂಬತ್ತು. ಹಳೆಯವು ಕೋಕೋ ಚೆಲ್ಲಿ ಕಪ್ಪಾಗಿದ್ದವಲ್ಲ. ಐದನೆಯದರಲ್ಲಿ ವೈನೊನ ಗಾಡಿಗೆ ಹೊಸ ಹಸಿರು ಬಣ್ಣ ಬಂದಿದೆ, ಅವಳು ಗಮನಿಸಬಹುದು. ಬೆಚ್ಚಗೆ ಹೊದ್ದು ಬನ್ನಿ.

ರಿತ್ವಾ

ಟಮರಾಕ್ ರಸ್ತೆ
20 ಡಿಸೆಂಬರ್

ರಿತ್ವಾ,

ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ. ಸಭೆಗೆ ಯಾಕೆ ಬರಲಿಲ್ಲವೆಂದು ನೀನು ಕೇಳಲಾರೆ ಅಂದುಕೊಂಡಿದ್ದೇನೆ.

ನೀನು ಬೆಂಚಿನ ಕಡೆ ಇದ್ದೆ, ನಾನು ಅವಳ ಪಕ್ಕದಲ್ಲಿದ್ದೆ. ಆದ್ದರಿಂದ ನಾನು ಕಂಡದ್ದನ್ನು ಹೇಳುತ್ತೇನೆ. ವೈನೊನ ಗಾಡಿ ಒಳಗೆ ಹೋಯಿತು. ಸೆನ್ಯಾ ಐದನೆಯ ಕಾರ್ಡು ಮಗುಚಿದಳು. ಆರನೆಯದು, ಸೆನ್ಯಾ ಐಸಿಗೆ ಇಳಿಯುತ್ತಾಳೆ. ಒಂದು ಕಾಲು ಇಟ್ಟಳು. ಆಗ ಛಾವಣಿಯ ಅಷ್ಟೂ ದೀಪಗಳು ಒಮ್ಮೆಗೇ ಹತ್ತಿಕೊಂಡವು, ಆ ಗುಂಯ್ ಎನ್ನುವ ಸದ್ದಿನ ಸಮೇತ. ಕಂಬದ ಹಿಂದಿನಿಂದ ಯಾವನೋ ಬಂದು ಮಂಡಿಯೂರಿ ಅವಳೆದುರು ಕ್ಯಾಮೆರಾ ಹಿಡಿದ. ನಾಲ್ಕು ಸಲ ಫಳ್ ಎಂದಿತು. ನಾನು ಎಣಿಸಿದ್ದೇನೆ.

ಅವಳು ಬಿದ್ದಳು. ತೆವಳಿಕೊಂಡು ಬೆಂಚಿನ ಕೆಳಗೆ ಸೇರಿ ಮುಂಗೈ ಕಚ್ಚಿಕೊಂಡಳು, ನಲವತ್ತು ನಿಮಿಷ. ಅಳಲಿಲ್ಲ. "ಕಾರ್ಡಲ್ಲಿ ಇಲ್ಲ, ಕಾರ್ಡಲ್ಲಿ ಇಲ್ಲ" ಅನ್ನುತ್ತಲೇ ಇದ್ದಳು. ನಾನು ನೆಲದ ಮೇಲೆ ಮಲಗಿ ಅವಳ ಕಾಲಿನ ತುದಿ ಹಿಡಿದುಕೊಂಡಿದ್ದೆ.

ಸೋಮವಾರ ಹಲ್ಲುಜ್ಜುವ ಕಾರ್ಡು ತೋರಿಸಿದೆ. ಕೈಗೆ ತೆಗೆದುಕೊಂಡು ಮುಂದೆ ನೋಡಿದಳು, ಹಿಂದೆ ನೋಡಿದಳು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ಅಂಗಡಿಯವನು ಕಳ್ಳನೋಟು ಪರೀಕ್ಷೆ ಮಾಡುವ ಹಾಗೆ. ಆಮೇಲೆ ಮೇಜಿನ ಮೇಲೆ ಬೋರಲು ಹಾಕಿದಳು. ಮಂಗಳವಾರ ಎಲ್ಲ ಕಾರ್ಡುಗಳನ್ನೂ, ಇನ್ನೂರಕ್ಕೂ ಹೆಚ್ಚಿವೆ, ಬ್ರೆಡ್ಡಿನ ಡಬ್ಬಿಗೆ ತುಂಬಿ ಹೊರಗೆ ಹಿಮದಲ್ಲಿ ಇಟ್ಟುಬಂದಳು. ಶಾಲೆಯ ಬಸ್ಸು ನಾಲ್ಕು ದಿನ ಬಂದು ಹಾಗೇ ಹೋಯಿತು. ಸ್ನಾನವಿಲ್ಲ. ಬಿಳಿ ಅನ್ನ ಬಿಟ್ಟು ಬೇರೆ ಊಟವಿಲ್ಲ. ಯಾವ ಕ್ಷಣದಲ್ಲಿ ಏನು ಎರಗುತ್ತದೋ ಎಂದು ಗೋಡೆಗೆ ಬೆನ್ನು ಕೊಟ್ಟು ಕೂತಿರುತ್ತಾಳೆ.

ಒಂದೇ ಪ್ರಶ್ನೆ. ಆ ಮನುಷ್ಯನನ್ನು ಒಳಗೆ ಬಿಟ್ಟವರು ಯಾರು?

ಐಲಾ

ಪೈಕ್ ಬೇ
24 ಡಿಸೆಂಬರ್

ಐಲಾ,

ನಿನ್ನ ಕಾಗದ ಓದುವಷ್ಟರಲ್ಲಿ ಹಬ್ಬದ ಗಂಜಿ ಒಲೆಯ ಮೇಲೆ ಸೀದುಹೋಯಿತು. ಆಣೆಯಾಗಿ ಹೇಳುತ್ತೇನೆ, ಪತ್ರಿಕೆಯವನು ತಾನಾಗಿಯೇ ಬಂದ. ಸಭೆಯ ಸುದ್ದಿ ಅವನ ಕಿವಿಗೂ ಬಿದ್ದಿರಬೇಕು. ದೀಪ ಯಾರು ಹಾಕಿದರೋ, ಯಾವುದೋ ಗಡಿಬಿಡಿಯಲ್ಲಿ ಯಾರೋ ಸ್ವಿಚ್ಚು ಒತ್ತಿದ್ದಾರೆ. ನನ್ನ ತಪ್ಪು ಒಂದೇ, ಹೊರಬಾಗಿಲಿಗೆ ಚಿಲಕ ಹಾಕುವುದನ್ನು ಮರೆತೆ. ಅದಕ್ಕೆ ಎಷ್ಟು ಸಲ ಬೇಕಾದರೂ ಕ್ಷಮೆ ಕೇಳುತ್ತೇನೆ.

ಈ ಮಾತು ಈಗ ಹೇಳಬಾರದೇನೋ. ಚಿತ್ರ ಮಂಗಳವಾರದ ಪತ್ರಿಕೆಯಲ್ಲಿ ಬಂತು, ಬುಧವಾರ ಗಂಟೆ ಉಳಿಯಿತು. ನಮ್ಮ ಪರ ಐದು ಮತ, ವಿರುದ್ಧ ಎರಡು. ನೀಲೊನ ಅಮ್ಮ ನನ್ನನ್ನು ಅಪ್ಪಿಕೊಂಡು ಅತ್ತಳು.

ಸೆನ್ಯಾಳಿಗೆ ಕ್ರಿಸ್‌ಮಸ್ ದಿನದ ಕಾರ್ಡುಗಳನ್ನು ಕಳಿಸಿದ್ದೇನೆ. ಮೆಲ್ಲಗೆ ತೋರಿಸಿ ನೋಡು.

ರಿತ್ವಾ

ಪೈಕ್ ಬೇ ರಿಂಕ್
8 ಜನವರಿ 2019

ಐಲಾ,

ನಾನು ಕಾಗದ ಬರೆಯುವ ಪೈಕಿಯಲ್ಲ. ಕೊನೆಯದಾಗಿ ಬರೆದದ್ದು ನನ್ನ ಹೆಂಡತಿ ಬದುಕಿದ್ದಾಗ, ಅದೂ ಬಟಾಣಿ ಸಾರಿಗೆ ಉಪ್ಪು ಜಾಸ್ತಿ ಅಂತ ಒಂದು ಚೀಟಿ. ಅದಕ್ಕೇ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ.

ಹೊಸ ವರ್ಷದ ತೊಳೆತಕ್ಕೆ ಬೆಂಚು ಎತ್ತಿದಾಗ ರಿತ್ವಾ ಕೂರುವ ಜಾಗದ ಕೆಳಗೆ ಇದು ಸಿಕ್ಕಿತು. ಚಿಕ್ಕವಳ ಕಾರ್ಡು, ಹಿಂದೆ 6 ಅಂತ ಇದೆ. ಒಂದು ಕಡಿಮೆಯಾದರೂ ಅವಳಿಗೆ ತಡೆಯುವುದಿಲ್ಲ ಅಂತ ಗೊತ್ತು, ಕಳಿಸುತ್ತಿದ್ದೇನೆ. ನಿನ್ನ ಅಕ್ಕ ಚೆನ್ನಾಗಿಯೇ ಬರೆದಿದ್ದಾಳೆ. ಕ್ಯಾಮೆರಾದವನು, ಮೇಲೆ ದೀಪಗಳು, ಕೆಳಗೆ ಅಕ್ಷರ: "ದೀಪ ಜೋರು. ಫಳ್ ಅನ್ನುತ್ತದೆ. ಹತ್ತು ಎಣಿಸು. ಮುಗಿಯುತ್ತದೆ."

ಇನ್ನೊಂದು. ದೀಪ ಹಾಕಿದ್ದು ನಾನೇ. ರಿತ್ವಾ ಹಿಂದಿನ ದಿನ ಬಂದು, "ಗಾಡಿ ಒಳಗೆ ಹೋದ್ಮೇಲೆ ಒಂದೇ ನಿಮಿಷ ಎಲ್ಲಾ ದೀಪ ಹಾಕು ವೈನೊ, ಫೋಟೋದವನು ಬರ್ತಾನೆ. ಕಾರ್ಡೂ ಮಾಡಿದೀನಿ," ಅಂದಳು. ಕಾರ್ಡು ಇದೆ ಅಂದಮೇಲೆ ನಿನಗೂ ಗೊತ್ತು, ಚಿಕ್ಕವಳಿಗೂ ಗೊತ್ತು ಅಂದುಕೊಂಡೆ. ಇಲ್ಲವಾದರೆ ಈ ಕೈ ಸ್ವಿಚ್ಚಿನ ಹತ್ತಿರ ಹೋಗುತ್ತಿರಲಿಲ್ಲ. ಅವಳು ಬಿದ್ದದ್ದು ನೋಡಿದಾಗಿನಿಂದ ಊಟ ಸೇರುತ್ತಿಲ್ಲ.

ಅವಳ ಚಿತ್ರವನ್ನು ದೊಡ್ಡದು ಮಾಡಿ ಬಾಗಿಲ ಪಕ್ಕದ ಗೋಡೆಗೆ ಹಾಕಿದ್ದಾರೆ. ಮೂರು ಭಾನುವಾರದಿಂದ ಮಕ್ಕಳು ಅದನ್ನು ನೋಡುತ್ತವೆ, ಆಮೇಲೆ ನನ್ನನ್ನು ನೋಡುತ್ತವೆ. ಮೊದಲು ಇಳಿಯಲು ಯಾವುದೂ ಒಪ್ಪುವುದಿಲ್ಲ. ಕೊನೆಗೆ ನಾನೇ ಬೂಟುಗಾಲಿನಲ್ಲಿ ಒಂದು ಸುತ್ತು ಹಾಕಿ ಬರುತ್ತೇನೆ.

ವೈನೊ

ಟಮರಾಕ್ ರಸ್ತೆ
13 ಜನವರಿ

ರಿತ್ವಾ,

ಆರನೆಯ ಕಾರ್ಡು ನನ್ನ ಮುಂದಿದೆ.

ನೀನು ಚಿಲಕ ಮರೆಯಲಿಲ್ಲ. ಪತ್ರಿಕೆಯವನನ್ನು ಕರೆದೆ, ವೈನೊನಿಗೆ ದೀಪ ಹಾಕಲು ಹೇಳಿದೆ, ಹತ್ತು ಕಾರ್ಡು ಬರೆದೆ, ಆಮೇಲೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಒಂದನ್ನು ತೆಗೆದೆ. ಉಳಿದವುಗಳ ಬೆನ್ನಿನ ಏಳನ್ನು ಅಳಿಸಿ ಆರು ಮಾಡಿದೆ, ಎಂಟನ್ನು ಅಳಿಸಿ ಏಳು ಮಾಡಿದೆ. ಇವತ್ತು ಹಿಮದಲ್ಲಿರುವ ಡಬ್ಬಿ ತೆರೆದು ಬೆಳಕಿಗೆ ಹಿಡಿದರೆ ಹಳೆಯ ಅಂಕಿಗಳ ಗುರುತು ಎಲ್ಲವುಗಳಲ್ಲೂ ಕಾಣುತ್ತದೆ. ನಾನು "ಬೇಡ" ಅಂದ ಕಾಗದ ನಿನ್ನ ಮೇಜಿನ ಮೇಲೇ ಇತ್ತಲ್ಲ, ಅದರ ಪಕ್ಕದಲ್ಲೇ ಕೂತು ಅಳಿಸಿದೆಯಾ?

ನನ್ನ ಹೊಟ್ಟೆ ಉರಿಯುವುದು ಇದಕ್ಕೆ. ಆ ಬೆಳಿಗ್ಗೆ ಕಾರಿನಲ್ಲಿ ಸೆನ್ಯಾ ಒಂದೇ ಕಾರ್ಡಿನ ಬೆನ್ನನ್ನು ಹೆಬ್ಬೆರಳಿನಿಂದ ಉಜ್ಜುತ್ತಾ, "ಏಳು ಇತ್ತು. ಇಲ್ಲಿ ಏಳು ಇತ್ತು," ಅನ್ನುತ್ತಿದ್ದಳು. ನಲವತ್ತು ಕಿಲೋಮೀಟರ್ ಅದನ್ನೇ ಹೇಳಿದಳು. ನಾನು, "ಉಜ್ಜಬೇಡ ಪುಟ್ಟಿ, ಕಾರ್ಡು ಹರಿದೋಗುತ್ತೆ," ಅಂದೆ. ಅವಳು ಮೋಸವನ್ನು ಬೆರಳಿನಿಂದ ಮುಟ್ಟಿ ನನಗೆ ತೋರಿಸುತ್ತಿದ್ದಳು. ನಾನು ನಂಬಿದ್ದು ನಿನ್ನನ್ನು.

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳಿಕೊಳ್ಳುವುದು? ಹಾಕಿ ಅಪ್ಪಂದಿರು ಗಂಟೆ ಕಿತ್ತುಕೊಂಡಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ಅವರು ಹೊರಗಿನವರು. ನೀನು ನನ್ನ ಮಗಳ ಕಣ್ಣೆದುರು ವರ್ಷಗಟ್ಟಲೆ ಕೂತು ಕಾರ್ಡು ಸುಳ್ಳು ಹೇಳುವುದಿಲ್ಲ ಅಂತ ಕಲಿಸಿದವಳು. ಕೊನೆಗೆ ಹೇಳಿಸಿದವಳೂ ನೀನೇ. ಅದು ಸಾಲದೆಂದು ಹಬ್ಬದ ದಿನ ನನಗೆ ಆಣೆ ಮಾಡಿ ಇನ್ನೊಂದು ಸುಳ್ಳು ಬರೆದೆ.

ಕ್ರಿಸ್‌ಮಸ್ ಕಾರ್ಡುಗಳನ್ನು ವಾಪಸು ಕಳಿಸುತ್ತಿದ್ದೇನೆ. ಅವಳು ಲಕೋಟೆಯನ್ನು ಮುಟ್ಟಲಿಲ್ಲ. ಇನ್ನು ಬರೆಯಬೇಡ.

ಐಲಾ

ಪೈಕ್ ಬೇ
3 ಮಾರ್ಚ್

ಐಲಾ,

ನೀನು ತೆರೆಯದೆ ಹಿಂದಿರುಗಿಸಿದ ಎರಡು ಕಾಗದಗಳಲ್ಲಿ ನೆಪಗಳಿದ್ದವು. ತೆರೆಯದ್ದು ಒಳ್ಳೆಯದಾಯಿತು. ಇದರಲ್ಲಿ ನೆಪವಿಲ್ಲ, ಹೀಗಾದರೂ ಓದು.

ನೀನು ಬರೆದದ್ದೆಲ್ಲ ನಿಜ. ನಿನ್ನ ಕಾಗದ ಮೇಜಿನ ಮೇಲೇ ಇತ್ತು. ಅದರ ಮೇಲೆ ಕಾಫಿ ಲೋಟ ಇಟ್ಟುಕೊಂಡು ಅಳಿಸಿದೆ. ನೀಲೊನ ಅಮ್ಮನನ್ನು ನಾನು ಕೇಳಲೇ ಇಲ್ಲ. ನೀಲೊ ಕ್ಯಾಮೆರಾ ನೋಡಿ ಹಲ್ಲು ಕಿರಿಯುತ್ತಾನೆ, ಅಂಥ ಚಿತ್ರಕ್ಕೆ ಯಾರೂ ಕೈ ಎತ್ತುವುದಿಲ್ಲ. ಎಲ್ಲರೂ ನಿಂತು ಕಾಯುವಾಗ ಒಂಟಿ ಹುಡುಗಿ ಹೊಸ ಐಸಿಗೆ ಇಳಿಯುತ್ತಾಳಲ್ಲ, ಅದು ಬೇಕಿತ್ತು ನನಗೆ. ಆರನೆಯ ಕಾರ್ಡು ಲಕೋಟೆಯಲ್ಲಿದ್ದರೆ ಮೊದಲು ನೋಡುವವಳು ನೀನು, ಬಿಡುತ್ತಿರಲಿಲ್ಲ. ರಿಂಕಿನಲ್ಲಿ ಗುಟ್ಟಾಗಿ ಅವಳ ಕೈಗೆ ಕೊಡೋಣ ಅಂತ ಕೋಟಿನ ಜೇಬಿನಲ್ಲಿ ಇಟ್ಟುಕೊಂಡು ಬಂದೆ. ನೀನು ಅವಳ ಪಕ್ಕ ಬಿಟ್ಟು ಅಲುಗಲಿಲ್ಲ. ಆಗಲೂ ಬಾಯಿ ಬಿಟ್ಟು ನಿಲ್ಲಿಸಬಹುದಿತ್ತು. ನಾಲ್ಕು ಸಲ ಫಳ್ ಅನ್ನುವುದರಲ್ಲಿ ಏನಾಗಿಬಿಡುತ್ತದೆ ಅಂತ ಸುಮ್ಮನೆ ಕೂತೆ.

ಹನ್ನೊಂದು ಮಕ್ಕಳಲ್ಲಿ ಸೆನ್ಯಾಳನ್ನೇ ಯಾಕೆ ಆರಿಸಿದೆ ಅಂತ ಎರಡು ತಿಂಗಳಿಂದ ನನ್ನನ್ನೇ ಕೇಳಿಕೊಂಡಿದ್ದೇನೆ. ಚಿತ್ರ ಚೆನ್ನಾಗಿ ಬರುತ್ತದೆ ಅನ್ನುವುದು ಅರ್ಧ ನಿಜ. ಉಳಿದರ್ಧ ಹೇಳಲು ನಾಚಿಕೆಯಾಗುತ್ತದೆ. ಪರರ ಮಗುವಿಗೆ ಹೀಗೆ ಮಾಡಿದರೆ ಅವರು ನನ್ನನ್ನು ಮತ್ತೆ ಹೊಸಿಲು ಹತ್ತಿಸುವುದಿಲ್ಲ. ನೀನಾದರೆ ನನ್ನ ತಂಗಿ, ನಾಲ್ಕು ದಿನ ಮುನಿಸಿಕೊಂಡು ಕ್ಷಮಿಸಿಬಿಡುತ್ತೀ ಅಂತ ಲೆಕ್ಕ ಹಾಕಿದ್ದೆ.

ಗೋಡೆಯಿಂದ ಚಿತ್ರ ಇಳಿಸಿದ್ದೇನೆ. ನೀಲೊನ ಅಮ್ಮನಿಗೂ ಉಳಿದವರಿಗೂ ನಡೆದದ್ದನ್ನು ಹೇಳಿದ್ದೇನೆ. ಈಗ ಭಾನುವಾರ ನನ್ನ ಪಕ್ಕದ ಜಾಗ ಖಾಲಿ ಇರುತ್ತದೆ.

ರಿತ್ವಾ

ಟಮರಾಕ್ ರಸ್ತೆ
20 ಮಾರ್ಚ್

ರಿತ್ವಾ,

ನಿನಗಾಗಿ ಬರೆಯುತ್ತಿಲ್ಲ. ಸೆನ್ಯಾ ಒಂದು ಪ್ರಶ್ನೆ ಕೇಳಿದ್ದಾಳೆ, ಉತ್ತರ ನನ್ನ ಹತ್ತಿರ ಇಲ್ಲ.

ಜನವರಿಯಿಂದ ಮನೆಯ ಮುಂದಿನ ಸರೋವರದ ಮೇಲೆ ನಾನು ಹಿಮ ಗೋರಿ ಒಂದು ಚೌಕ ಮಾಡಿದ್ದೆ. ಮಾರ್ಟಿ ಊರಲ್ಲಿದ್ದಾಗ ಬಕೆಟಿನಲ್ಲಿ ನೀರು ಸುರಿದು ನುಣುಪು ಮಾಡಿಕೊಡುತ್ತಿದ್ದ. ಅವಳು ದಡದವರೆಗೆ ಬಂದು ನಿಲ್ಲುತ್ತಿದ್ದಳು, ಇಳಿಯುತ್ತಿರಲಿಲ್ಲ. ಹೀಗೆ ಎರಡು ತಿಂಗಳು ಕಳೆಯಿತು.

ಹೋದ ಶನಿವಾರ ನಾನು ಹಿಟ್ಟು ನಾದುತ್ತಿದ್ದೆ. ಅವಳು ತಾನಾಗಿ ಹೊರಗೆ ಹೋಗಿ ಬ್ರೆಡ್ಡಿನ ಡಬ್ಬಿಯನ್ನು ಹಿಮದಿಂದ ಅಗೆದು ತಂದಳು. ನಾನು ಬಚ್ಚಿಟ್ಟಿದ್ದ ವೈನೊನ ಲಕೋಟೆ ಅವಳ ಕೈಲಿತ್ತು. ಯಾವಾಗ ಹುಡುಕಿದಳೋ, ಲಕೋಟೆ ಅಂದರೆ ಅವಳಿಗೆ ಮೊದಲಿಂದ ಪ್ರಾಣ. ರಿಂಕಿನ ಒಂಬತ್ತನ್ನೂ ಮೇಜಿನ ಮೇಲೆ ಸಾಲಾಗಿ ಜೋಡಿಸಿ, ಐದರ ಪಕ್ಕದಲ್ಲಿ ಜಾಗ ಮಾಡಿ, ಕ್ಯಾಮೆರಾದ ಕಾರ್ಡನ್ನು ಅಲ್ಲಿಟ್ಟಳು. ಬಹಳ ಹೊತ್ತು ನೋಡಿದಳು. "ಈಗ ಹತ್ತು," ಅಂದಳು.

ಆಮೇಲೆ ಕೋಟು ಹಾಕಿಕೊಂಡಳು. ನಾನು ಹಿಟ್ಟಿನ ಕೈಯಲ್ಲೇ ಹಿಂದೆ ಓಡಿದೆ. ದಡದಲ್ಲಿ ಕೂತು ಒಂದೊಂದೇ ಕಾರ್ಡು ಮಗುಚಿದಳು. ಆರನೆಯದು ಬಂದಾಗ ಕಣ್ಣು ಮುಚ್ಚಿ, ಕಿವಿ ಮುಚ್ಚಿ, ತಾನೇ "ಫಳ್" ಅಂದಳು. ಹತ್ತು ಎಣಿಸಿದಳು. "ಮುಗೀತು," ಅಂದಳು. ಐಸಿಗೆ ಇಳಿದು ಒಂದು ಸುತ್ತು ಹೊಡೆದಳು ರಿತ್ವಾ, ಮೂರು ತಿಂಗಳಾದ ಮೇಲೆ.

ನಾನು ದಡದಲ್ಲಿ ಕೂತು ಗೋಳೋ ಅಂತ ಅತ್ತೆ. ಕಾರ್ಡು ಇದ್ದಿದ್ದರೆ ಅವಳು ಆ ದಿನವೂ ತಾಳಿಕೊಳ್ಳುತ್ತಿದ್ದಳೇನೋ. ಬಾಯೊಳಗೆ ಕೊಕ್ಕೆ ಹೋದಾಗ ತಾಳಿಕೊಂಡವಳಲ್ಲವೇ. ನೀನು ಬರೆದ ನಾಲ್ಕು ಸಾಲು ಅವಳಿಗೆ ಸಾಕಾಗಿತ್ತು, ಅದನ್ನೇ ಜೇಬಿನಲ್ಲಿ ಇಟ್ಟುಕೊಂಡು ಕೂತೆ. ನಾನೂ ಸಾಚಾ ಅಲ್ಲ. ಡಿಸೆಂಬರಿನಲ್ಲಿ "ಬೇಡ" ಅಂತ ಬರೆದೆನಲ್ಲ, ಅವಳನ್ನು ಒಂದು ಮಾತು ಕೇಳಿ ಬರೆದದ್ದಲ್ಲ. ಆದರೆ ನನ್ನ ತಪ್ಪನ್ನು ನಿನ್ನ ತಪ್ಪಿನ ತಕ್ಕಡಿಗೆ ಹಾಕಿ ಹಗುರ ಮಾಡಿಕೊಳ್ಳಬೇಡ.

ಮನೆಗೆ ಬಂದ ಮೇಲೆ ಕೇಳಿದಳು: "ದೊಡ್ಡಮ್ಮ ಇದನ್ನ ಯಾಕೆ ತೆಗೆದ್ಳು?" ಮರೆತಿರಬಹುದು ಅಂತ ಹೇಳಲು ಬಾಯಿ ತೆರೆದೆ, ಮುಚ್ಚಿದೆ. ಈ ಮನೆಯಲ್ಲಿ ಇನ್ನೊಂದು ಸುಳ್ಳು ಬೇಡ. ನೀನೇ ಹೇಳು. ಕಾಗದದಲ್ಲಿ ನನಗಲ್ಲ, ಕಾರ್ಡಿನಲ್ಲಿ ಅವಳಿಗೆ. ಬಂದು ಅವಳನ್ನು ನೋಡುವ ಆಸೆ ಇದ್ದರೆ ಅದನ್ನೂ ಕಾರ್ಡಿನಲ್ಲಿ ಕೇಳು. ತೀರ್ಮಾನ ಅವಳದು.

ಐಲಾ

ಪೈಕ್ ಬೇ
27 ಮಾರ್ಚ್

ಸೆನ್ಯಾ,

ಇದರಲ್ಲಿ ಎಂಟು ಕಾರ್ಡುಗಳಿವೆ. ಎಂಟೇ ಬರೆದೆ. ಯಾವುದನ್ನೂ ತೆಗೆದಿಲ್ಲ, ಯಾವ ಅಂಕಿಯನ್ನೂ ಅಳಿಸಿಲ್ಲ. ಬೆರಳಿನಿಂದ ಉಜ್ಜಿ ನೋಡು.

1. ದೊಡ್ಡಮ್ಮ ಕ್ಯಾಮೆರಾದ ಕಾರ್ಡು ಬರೆದಳು. ದೊಡ್ಡಮ್ಮನೇ ಅದನ್ನು ತೆಗೆದಳು. ಮರೆತದ್ದಲ್ಲ. ಬಚ್ಚಿಟ್ಟಳು. ಅಮ್ಮ ಬೇಡ ಅಂದಿದ್ದಳು, ದೊಡ್ಡಮ್ಮನಿಗೆ ಚಿತ್ರ ಬೇಕಿತ್ತು. ಅದು ತಪ್ಪು.
2. ಭಾನುವಾರ ಹನ್ನೊಂದು ಗಂಟೆಗೆ ದೊಡ್ಡಮ್ಮನ ಕಾರು ಬರುತ್ತದೆ.
3. ದೊಡ್ಡಮ್ಮ ಬಾಗಿಲು ತಟ್ಟುವುದಿಲ್ಲ. ಬಾಗಿಲಲ್ಲಿ ನಿಲ್ಲುತ್ತಾಳೆ.
4. ಸೆನ್ಯಾ ಬಾಗಿಲು ತೆರೆಯುತ್ತಾಳೆ.
5. ದೊಡ್ಡಮ್ಮ ಬೂಟು ಬಿಚ್ಚುತ್ತಾಳೆ.
6. ಎಲ್ಲರೂ ಮೇಜಿಗೆ ಕೂರುತ್ತೇವೆ.
7. ಏಲಕ್ಕಿ ಬ್ರೆಡ್ಡು, ಕೋಕೋ.
8. ದೊಡ್ಡಮ್ಮ ಮನೆಗೆ ಹೋಗುತ್ತಾಳೆ.

ನಿನಗೆ ಬೇಡವಾದ ಕಾರ್ಡುಗಳನ್ನು ತೆಗೆದು ವಾಪಸು ಕಳಿಸು. ಎಲ್ಲವೂ ಬೇಡವಾದರೆ ಎಲ್ಲವನ್ನೂ ಕಳಿಸು.

ರಿತ್ವಾ ದೊಡ್ಡಮ್ಮ

ಟಮರಾಕ್ ರಸ್ತೆ
7 ಏಪ್ರಿಲ್

ರಿತ್ವಾ,

ಒಂದನೆಯ ಕಾರ್ಡನ್ನು ಅವಳು ಆರು ದಿನ ಜೊತೆಯಲ್ಲಿ ಇಟ್ಟುಕೊಂಡಿದ್ದಳು. ಊಟಕ್ಕೆ ಕೂತಾಗ ತಟ್ಟೆಯ ಪಕ್ಕ, ಮಲಗುವಾಗ ದಿಂಬಿನ ಕೆಳಗೆ. ಶಾಲೆಯ ಬಸ್ಸಿಗೂ ತೆಗೆದುಕೊಂಡು ಹೋದಳು. ಹೌದು, ಸೋಮವಾರದಿಂದ ಬಸ್ಸು ಹತ್ತುತ್ತಿದ್ದಾಳೆ. ಹಲ್ಲುಜ್ಜುವ ಕಾರ್ಡು ಗೋಡೆಗೆ ಮರಳಿದೆ, ಬೆನ್ನನ್ನು ಎರಡು ಸಲ ಉಜ್ಜಿ ನೋಡಿದ ಮೇಲೆ.

"ದೊಡ್ಡಮ್ಮನ ಮೇಲೆ ಕೋಪನಾ?" ಅಂತ ಕೇಳಿದೆ. "ಹೌದು," ಅಂದಳು. ಹಲ್ಲಿನ ಡಾಕ್ಟರಿಗೆ ಹೇಳಿದಷ್ಟೇ ಸಲೀಸಾಗಿ.

"ಬರೋದು ಬೇಡ್ವಾ?"

ಪೆನ್ನು ತಂದು ಕೂತಳು. ನಾನು ಪಕ್ಕದಲ್ಲಿ ಕೂರಲು ಹೋದರೆ ಮೊಣಕೈಯಿಂದ ದೂಡಿದಳು.

ಒಂದನೆಯ ಕಾರ್ಡನ್ನು ಬ್ರೆಡ್ಡಿನ ಡಬ್ಬಿಗೆ, ಉಳಿದ ಕಾರ್ಡುಗಳ ಜೊತೆಗೆ ಹಾಕಿದ್ದಾಳೆ. ಅದು ಇನ್ನು ಇಲ್ಲೇ ಇರುತ್ತದೆ. ಕಾರು ಬರುವುದು, ಬಾಗಿಲಲ್ಲಿ ನಿಲ್ಲುವುದು, ಸೆನ್ಯಾ ಬಾಗಿಲು ತೆರೆಯುವುದು, ದೊಡ್ಡಮ್ಮ ಮನೆಗೆ ಹೋಗುವುದು, ಈ ನಾಲ್ಕನ್ನು ದಾರಕ್ಕೆ ಪೋಣಿಸಿ ಬಾಗಿಲ ಪಕ್ಕದ ಮೊಳೆಗೆ ನೇತುಹಾಕಿದ್ದಾಳೆ. ಕೊನೆಯದರ ಬೆನ್ನಿನಲ್ಲಿ ನಿನ್ನ ಎಂಟು ಹಾಗೇ ಇದೆ. ಅಳಿಸಿಲ್ಲ. ಅದರ ಮೇಲೆ ಒಂದು ಗೀಟು ಎಳೆದು ಪಕ್ಕದಲ್ಲಿ ಐದು ಅಂತ ಬರೆದಿದ್ದಾಳೆ, ನಡುವೆ ಏನೋ ತೆಗೆದಿದೆ ಎಂದು ಯಾರು ನೋಡಿದರೂ ಗೊತ್ತಾಗುವ ಹಾಗೆ.

ಮುಂದಿನ ಭಾನುವಾರ ಹನ್ನೊಂದಕ್ಕೆ ಬಾ. ತೆಗೆದ ಮೂರು ಕಾರ್ಡುಗಳು ಈ ಲಕೋಟೆಯಲ್ಲಿವೆ. ಮೇಜಿನದು, ಬ್ರೆಡ್ಡಿನದು, ಬೂಟು ಬಿಚ್ಚುವುದು.

ಐಲಾ